ಡಿಕ್ಕಿಯಲ್ಲೇ ಉಳಿದ ಕೇಬಲ್

2018ರ ನವೆಂಬರ್‌ನಲ್ಲಿ ಬ್ರಿಟನ್ನಿನ ಮಾಧ್ಯಮಗಳಲ್ಲಿ ಒಂದು ಪುಟ್ಟ ವಿವರ ಬಂದುಹೋಯಿತು. ಕಂಪನಿಗಳು ನೌಕರರ ಓಡಾಟಕ್ಕೆಂದು ಕೊಟ್ಟಿದ್ದ ಪ್ಲಗ್-ಇನ್ ಹೈಬ್ರಿಡ್ ಕಾರುಗಳು ಅವಧಿ ಮುಗಿದು ವಾಪಸಾದಾಗ, ಕೆಲವುಗಳ ಡಿಕ್ಕಿಯಲ್ಲಿ ಚಾರ್ಜಿಂಗ್ ಕೇಬಲ್ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ಹಾಗೇ ಬಿದ್ದಿತ್ತು. ಇಂಥ 1,500ರಷ್ಟು ಕಾರುಗಳ ಇಂಧನದ ಲೆಕ್ಕ ತೆಗೆದಾಗ ಸಿಕ್ಕಿದ್ದು ಗ್ಯಾಲನ್ನಿಗೆ ಸರಾಸರಿ 40 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ 14 ಕಿಲೋಮೀಟರ್. ಜಾಹೀರಾತು ಹೇಳಿದ್ದು ಅದರ ಮೂರು ಪಟ್ಟಿಗೂ ಮಿಗಿಲು. ತೆರಿಗೆ ಕಡಿಮೆಯೆಂದು ಕಂಪನಿಗಳು ಈ ಕಾರು ಆರಿಸಿದ್ದವು. ನೌಕರರು ಬಂಕಿಗೆ ಹೋಗಿ, ಟ್ಯಾಂಕ್ ತುಂಬಿಸಿ, ಮಾಮೂಲಿ ಪೆಟ್ರೋಲ್ ಕಾರಿನಂತೆ ಓಡಿಸಿಕೊಂಡಿದ್ದರು. ಇದನ್ನು ಓದಿದವರು ಹೆಚ್ಚಾಗಿ ತಂತ್ರಜ್ಞಾನವೇ ಮೋಸ ಎಂದು ಬೈದರು. ಆದರೆ ಆ ಕಾರುಗಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅವನ್ನು ಯಾರೂ ಚಾರ್ಜಿಗೆ ಹಾಕಿರಲಿಲ್ಲ, ಅಷ್ಟೆ. ಮನೆಯಿಂದ ಆಫೀಸು, ಆಫೀಸಿನಿಂದ ಮಕ್ಕಳ ಶಾಲೆ, ಸಂಜೆ ಮಾರ್ಕೆಟ್ಟು ಎಂಬ ದಿನನಿತ್ಯದ ಓಡಾಟಕ್ಕೆ ಪ್ಲಗ್-ಇನ್ ಹೈಬ್ರಿಡ್ ಸರಿಹೋಗುತ್ತದೆಯೇ ಎಂದು ಕೇಳಿದರೆ, ಕಾರಿನ ಬಾನೆಟ್ ಎತ್ತುವ ಮೊದಲು ಎರಡು ಸಂಗತಿ ವಿಚಾರಿಸಬೇಕು ಎನ್ನುವುದು ನನ್ನ ವಾದ: ರಾತ್ರಿ ಆ ಕಾರು ಎಲ್ಲಿ ನಿಲ್ಲುತ್ತದೆ? ಅದರ ಪೆಟ್ರೋಲಿಗೆ ದುಡ್ಡು ಯಾರು ಕೊಡುತ್ತಾರೆ?

ಹೈಬ್ರಿಡ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಜಾತಿಯ ಕಾರುಗಳು ಮಾರಾಟವಾಗುವುದರಿಂದ ಮೊದಲು ಅದನ್ನು ಬಿಡಿಸಿಕೊಳ್ಳೋಣ. ನಮ್ಮಲ್ಲಿ ಈಗ ಸಾಮಾನ್ಯವಾಗಿ ಕಾಣುವುದು ಸ್ಟ್ರಾಂಗ್ ಹೈಬ್ರಿಡ್. ಬಿಡದಿಯ ಕಾರ್ಖಾನೆಯಿಂದ ಹೊರಬರುವ ಟೊಯೋಟಾ ಇನೋವಾ ಹೈಕ್ರಾಸ್, ಅರ್ಬನ್ ಕ್ರೂಸರ್ ಹೈರೈಡರ್ ಈ ಜಾತಿಯವು. ಇವುಗಳಿಗೆ ಪ್ಲಗ್ ಇಲ್ಲ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು, ಎಂಜಿನ್ ಮಿಗಿಸಿದ ಶಕ್ತಿಯನ್ನು ಒಂದು ಸಣ್ಣ ಬ್ಯಾಟರಿಯಲ್ಲಿ ಹಿಡಿದಿಟ್ಟುಕೊಂಡು ಮತ್ತೆ ಬಳಸುತ್ತವೆ. ಹೈರೈಡರ್‌ನ ಬ್ಯಾಟರಿ 0.76 ಕಿಲೋವ್ಯಾಟ್ ಅವರ್, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್. ಎಷ್ಟೇ ಜಾಣತನ ಮಾಡಿದರೂ ಕೊನೆಗೆ ಆ ಕಾರಿನ ಅನ್ನ ಪೆಟ್ರೋಲೇ. ಪ್ಲಗ್-ಇನ್ ಹೈಬ್ರಿಡ್‌ನಲ್ಲಿ ಬ್ಯಾಟರಿ ಇದರ ಹತ್ತಿಪ್ಪತ್ತು ಪಟ್ಟು ದೊಡ್ಡದು. ಗೋಡೆಯ ಪ್ಲಗ್ಗಿನಿಂದ ತುಂಬಿಸಿಕೊಂಡರೆ 40, 50, 80 ಕಿಲೋಮೀಟರ್ ಎಂಜಿನ್ನನ್ನು ಎಬ್ಬಿಸದೆ ಹೋಗಬಲ್ಲದು. ಆ ಚಾರ್ಜು ಮುಗಿದ ಮೇಲೆ ಅದು ಸ್ಟ್ರಾಂಗ್ ಹೈಬ್ರಿಡ್‌ನ ಹಾಗೆಯೇ ನಡೆದುಕೊಳ್ಳುತ್ತದೆ, ಆದರೆ ಬರಿದಾದ ಬ್ಯಾಟರಿಯ ಭಾರವನ್ನೂ ಹೊತ್ತುಕೊಂಡು. ಕೇಬಲ್ ಬಿಚ್ಚದ ಬ್ರಿಟನ್ನಿನ ಕಾರುಗಳು ಮಾಡುತ್ತಿದ್ದದ್ದು ಇದೇ ಕೂಲಿ ಕೆಲಸ.

ಹತ್ತಿರದ ಓಡಾಟಕ್ಕೂ ವಿದ್ಯುತ್ತಿಗೂ ಇರುವ ನಂಟು ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ, ಪೆಟ್ರೋಲ್ ಎಂಜಿನ್ ಎರಡು ಕಿಲೋಮೀಟರ್ ಓಡುವಾಗ ಏನಾಗುತ್ತದೆ ಎಂದು ನೋಡಬೇಕು. ಬೆಳಿಗ್ಗೆ ಕೀ ತಿರುಗಿಸಿದಾಗ ಎಂಜಿನ್ ಆಯಿಲ್ ತಣ್ಣಗಿದ್ದು ಮಂದವಾಗಿರುತ್ತದೆ. ಪಿಸ್ಟನ್ನಿನ ಉಜ್ಜಾಟ ಜಾಸ್ತಿ. ತಣ್ಣನೆಯ ಗೋಡೆಗೆ ತಾಗಿದ ಪೆಟ್ರೋಲ್ ಪೂರ್ತಿ ಆವಿಯಾಗುವುದಿಲ್ಲವಾದ್ದರಿಂದ ಕಂಪ್ಯೂಟರ್ ಬೇಕೆಂದೇ ಹೆಚ್ಚು ಪೆಟ್ರೋಲ್ ಚಿಮ್ಮಿಸುತ್ತದೆ, ಅದರಲ್ಲಿ ಒಂದಿಷ್ಟು ಜಾರಿ ಆಯಿಲ್‌ಗೆ ಸೇರುತ್ತದೆ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ 250-300 ಡಿಗ್ರಿ ಸೆಲ್ಸಿಯಸ್ ಕಾಯುವವರೆಗೆ ಸರಿಯಾಗಿ ಕೆಲಸ ಶುರು ಮಾಡುವುದಿಲ್ಲ. ಹೀಗಾಗಿ ಒಂದು ಆಧುನಿಕ ಕಾರು ಉಗುಳುವ ವಿಷಾನಿಲದ ದೊಡ್ಡ ಪಾಲು ಹೊರಡುವುದು ಮೊದಲ ಒಂದೆರಡು ನಿಮಿಷಗಳಲ್ಲೇ. ಎಂಜಿನ್ ಬಿಸಿಯಾಗುವಷ್ಟರಲ್ಲಿ ತರಕಾರಿ ಅಂಗಡಿ ಬಂದಿರುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟಿದ ನೀರಾವಿ ಸೈಲೆನ್ಸರಿನಲ್ಲೇ ನೀರಾಗಿ ಕೂತು, ಒಣಗಲು ಸಮಯ ಸಿಗದೆ, ಒಳಗಿನಿಂದ ತುಕ್ಕು ಹಿಡಿಸುತ್ತದೆ. ಕಡಿಮೆ ಓಡಿದ ಕಾರು ಎಂದು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮೆಚ್ಚುವ ಎಷ್ಟೋ ಕಾರುಗಳ ಹೊಟ್ಟೆಯೊಳಗಿನ ಕತೆ ಇದು. ವಿದ್ಯುತ್ ಮೋಟಾರಿಗೆ ಇಂಥ ಮುಂಜಾನೆಯ ಸಂಕಟ ಯಾವುದೂ ಇಲ್ಲ. ಮೊದಲ ಮೀಟರಿಗೂ ಐವತ್ತನೇ ಕಿಲೋಮೀಟರಿಗೂ ಅದು ಒಂದೇ ಹದ. ಸಿಗ್ನಲ್ಲಿನಲ್ಲಿ ನಿಂತರೆ ಸುಮ್ಮನಿರುತ್ತದೆ, ಬ್ರೇಕ್ ಒತ್ತಿದರೆ ಕೊಟ್ಟದ್ದರಲ್ಲಿ ಒಂದಿಷ್ಟನ್ನು ವಾಪಸ್ ಪಡೆಯುತ್ತದೆ. ಚಳಿದೇಶಗಳಲ್ಲಿ ಕೆಲವು ಪ್ಲಗ್-ಇನ್ ಕಾರುಗಳು ಒಳಗೆ ಬೆಚ್ಚಗಿರಿಸಲಿಕ್ಕೇ ಎಂಜಿನ್ ಚಾಲೂ ಮಾಡುವುದುಂಟು. ನಮ್ಮ ಊರುಗಳಲ್ಲಿ ಹೀಟರಿನ ಮಾತಿಲ್ಲ, ಎಸಿ ಬ್ಯಾಟರಿಯಿಂದಲೇ ನಡೆಯುತ್ತದೆ. ತಂತ್ರದ ಮಟ್ಟಿಗೆ ಹೇಳುವುದಾದರೆ, ಚಿಕ್ಕ ಓಡಾಟ ಪ್ಲಗ್-ಇನ್ ಕಾರಿನ ತವರುಮನೆ.

ಈ ಯೋಚನೆಯನ್ನು ಅಂಕಿಯಲ್ಲಿ ಕೂರಿಸಿ ಮೊದಲು ದೊಡ್ಡದಾಗಿ ಪರೀಕ್ಷೆಗಿಟ್ಟದ್ದು ಅಮೆರಿಕದ ಷೆವರ್ಲೆ ವೋಲ್ಟ್. ಚೀನಾದ ಬಿವೈಡಿ 2008ರ ಡಿಸೆಂಬರ್‌ನಲ್ಲೇ ಎಫ್3ಡಿಎಂ ಎಂಬ ಪ್ಲಗ್-ಇನ್ ಕಾರು ತಂದಿತ್ತು ನಿಜ. ಆದರೆ ಜನ ಹೇಗೆ ಓಡಿಸುತ್ತಾರೆ ಎಂಬ ಪಾಠ ಸಿಕ್ಕಿದ್ದು 2010ರ ಕೊನೆಯಲ್ಲಿ ಬಂದ ವೋಲ್ಟ್‌ನಿಂದ. ಕೆಲಸಕ್ಕೆ ಹೋಗಿಬರುವ ಅಮೆರಿಕನ್ನರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ದಿನಕ್ಕೆ 40 ಮೈಲಿಯೊಳಗೇ ಓಡಿಸುತ್ತಾರೆ ಎಂಬ ಅಂಕಿಯನ್ನು ಮುಂದಿಟ್ಟುಕೊಂಡು 16 ಕಿಲೋವ್ಯಾಟ್ ಅವರ್ ಬ್ಯಾಟರಿ ಇಟ್ಟರು. ಸರ್ಕಾರಿ ಪರೀಕ್ಷೆಯಲ್ಲಿ ಅದು 35 ಮೈಲಿ, ಅಂದರೆ 56 ಕಿಲೋಮೀಟರ್ ಓಡಿತು. ಚಾರ್ಜ್ ಇರುವಷ್ಟು ಹೊತ್ತು ಹೆಚ್ಚುಕಡಿಮೆ ಎಂಜಿನ್ ಸೊಲ್ಲೆತ್ತದ ಹಾಗೆ ಅದನ್ನು ಕಟ್ಟಿದ್ದರು. ಮಾಲೀಕರು ತಮ್ಮ ದುಡ್ಡಿನಲ್ಲಿ, ತಮ್ಮ ಗ್ಯಾರೇಜಿಗಾಗಿ ಕೊಂಡವರು. ಐಡಹೋ ರಾಷ್ಟ್ರೀಯ ಪ್ರಯೋಗಾಲಯ ಇಂಥ ಕಾರುಗಳ ಓಡಾಟವನ್ನು ದಾಖಲಿಸಿ ನೋಡಿದಾಗ ಒಟ್ಟು ದೂರದ ಸುಮಾರು ಮುಕ್ಕಾಲು ಭಾಗ ವಿದ್ಯುತ್ತಿನಲ್ಲೇ ಸಾಗಿತ್ತು. ಇಲ್ಲಿ ಒಂದು ತಮಾಷೆಯ ಸಮಸ್ಯೆಯೂ ಹುಟ್ಟಿತು. ಕೆಲವರು ತಿಂಗಳುಗಟ್ಟಲೆ ಪೆಟ್ರೋಲ್ ಮುಟ್ಟದೆ ಓಡಿಸುತ್ತಿದ್ದುದರಿಂದ ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಹಳಸತೊಡಗಿತು, ಎಂಜಿನ್ನಿನೊಳಗೆ ಆಯಿಲ್ ಇಳಿದು ಒಣಗುವ ಭಯ. ಅದಕ್ಕೆಂದೇ ವೋಲ್ಟ್‌ನಲ್ಲಿ ಒಂದು ಏರ್ಪಾಡಿತ್ತು: ಸುಮಾರು ಆರು ವಾರ ಎಂಜಿನ್ ಚಾಲೂ ಆಗದಿದ್ದರೆ ಪರದೆಯ ಮೇಲೆ ಸೂಚನೆ ಕೊಟ್ಟು ಸ್ವಲ್ಪ ಹೊತ್ತು ತಾನೇ ಓಡಿಸಿಕೊಳ್ಳುತ್ತಿತ್ತು, ಟ್ಯಾಂಕಿನ ಪೆಟ್ರೋಲಿಗೆ ವರ್ಷವಾಯಿತೆಂದರೆ ಅದನ್ನು ಉರಿಸಿ ಖಾಲಿ ಮಾಡಲು ಹಟ ಹಿಡಿಯುತ್ತಿತ್ತು. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಶೇ 20ರಷ್ಟು ಎಥನಾಲ್ ಬೆರೆಸುವ ನಮ್ಮ ದೇಶದಲ್ಲಿ ಇಂಥ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲನ್ನು ಬಹಳ ಕಾಲ ಉಳಿಯಗೊಡದಿರುವುದು ಲೇಸು.

ಬಹುಪಾಲು ದಿನಗಳ ಓಡಾಟ ಬ್ಯಾಟರಿಯಲ್ಲೇ ಮುಗಿದರೂ ದೂರದಲ್ಲಿ ಮುಕ್ಕಾಲೇ ಏಕೆ ಎಂದರೆ, ದಿನಗಳ ಲೆಕ್ಕ ಬೇರೆ, ಕಿಲೋಮೀಟರುಗಳ ಲೆಕ್ಕ ಬೇರೆ. ಬೆಂಗಳೂರಿನ ಒಂದು ಸಂಸಾರವನ್ನು ಊಹಿಸಿಕೊಳ್ಳಿ. ದಿನಕ್ಕೆ 30 ಕಿಲೋಮೀಟರ್, ವರ್ಷಕ್ಕೆ 250 ದಿನ ಓಡಿದರೆ 7,500 ಕಿಲೋಮೀಟರ್. ಊರು ಹುಬ್ಬಳ್ಳಿಯ ಕಡೆ. ಹಬ್ಬ, ಮದುವೆ, ಬೇಸಿಗೆ ರಜೆ ಸೇರಿ ವರ್ಷಕ್ಕೆ ಐದು ಸಲ ಹೋಗಿಬಂದರೆ, ಒಂದು ಸಲಕ್ಕೆ 820ರಂತೆ 4,100 ಕಿಲೋಮೀಟರ್. ಹೊರಡುವಾಗಲೂ ಮರಳುವಾಗಲೂ ಬ್ಯಾಟರಿ ತುಂಬಿಸಿಕೊಂಡರೂ ಪ್ರತಿ ಪ್ರಯಾಣದಲ್ಲಿ ಮೊದಲ 50 ಕಿಲೋಮೀಟರ್ ಮಾತ್ರ ವಿದ್ಯುತ್ತಿನದು. ಒಟ್ಟು 11,600ರಲ್ಲಿ 8,000 ಕಿಲೋಮೀಟರ್ ವಿದ್ಯುತ್ತಿಗೆ, ಅಂದರೆ ಶೇ 69. ವರ್ಷದಲ್ಲಿ ಹತ್ತೇ ದಿನ ಪೆಟ್ರೋಲ್ ಉರಿಸಿದರೂ ದೂರದಲ್ಲಿ ಮೂರನೇ ಒಂದು ಭಾಗ ಪೆಟ್ರೋಲಿನ ಪಾಲು. ಇದೂ ದಿನವೂ ತಪ್ಪದೆ ಚಾರ್ಜ್ ಮಾಡುವ ಶಿಸ್ತಿನ ಸಂಸಾರದ ಲೆಕ್ಕ. ಕಾರು ತಯಾರಕರ ಮೈಲೇಜ್ ಅಂಕಿ ನಿಂತಿರುವುದು ಈ ವಿದ್ಯುತ್ ಪಾಲು ಎಷ್ಟು ಎಂಬ ಊಹೆಯ ಮೇಲೆ. ಊಹೆ ಉದಾರವಾದಷ್ಟೂ ಮೈಲೇಜ್ ಚಂದ ಕಾಣುತ್ತದೆ.

ಯುರೋಪಿನಲ್ಲಿ ಆ ಊಹೆ ಎಷ್ಟು ಉದಾರವಾಗಿತ್ತು ಎಂಬುದು ಬಯಲಾಗಿದೆ. 2022ರಲ್ಲಿ ಸ್ವಚ್ಛ ಸಾರಿಗೆಯ ಅಧ್ಯಯನ ಮಾಡುವ ಐಸಿಸಿಟಿ ಮತ್ತು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಗಳು ಸುಮಾರು 9,000 ಪ್ಲಗ್-ಇನ್ ಕಾರುಗಳ ನಿಜ ಬಳಕೆಯನ್ನು ಕಲೆಹಾಕಿದವು. ಸ್ವಂತ ಕಾರುಗಳಲ್ಲಿ ವಿದ್ಯುತ್ತಿನಲ್ಲಿ ಸಾಗಿದ ದೂರ ಶೇ 45ರಿಂದ 49. ಕಂಪನಿ ಕೊಟ್ಟ ಕಾರುಗಳಲ್ಲಿ ಅದು ಶೇ 11ರಿಂದ 15. ಕಾರು ಅದೇ, ಬ್ಯಾಟರಿ ಅದೇ, ರಸ್ತೆಯೂ ಅದೇ. ವ್ಯತ್ಯಾಸ ಇದ್ದದ್ದು ಜೇಬಿನಲ್ಲಿ. ಕಂಪನಿ ನೌಕರನಿಗೆ ಪೆಟ್ರೋಲ್ ಕಾರ್ಡ್ ಕೊಟ್ಟಿರುತ್ತದೆ. ಬಂಕಿನಲ್ಲಿ ಉಜ್ಜಿದರೆ ಆಯಿತು. ಮನೆಯಲ್ಲಿ ಚಾರ್ಜಿಗೆ ಹಾಕಿದರೆ ಬಿಲ್ಲು ತನ್ನದು, ಅದನ್ನು ಲೆಕ್ಕ ಬರೆದು ಕಂಪನಿಯಿಂದ ವಸೂಲು ಮಾಡುವ ತಾಪತ್ರಯ ಬೇರೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂದು ನಮ್ಮವರು ಹೇಳುವುದು ಇಂಥದ್ದಕ್ಕೇ. ಜರ್ಮನಿ 2019ರಿಂದ ಇಂಥ ಕಂಪನಿ ಕಾರುಗಳ ಮೇಲಿನ ತೆರಿಗೆಯನ್ನು ಅರ್ಧಕ್ಕಿಳಿಸಿತ್ತು. ರಿಯಾಯಿತಿ ಸಿಕ್ಕಿದ್ದು ಕಾರಿಗೆ ಪ್ಲಗ್ ಇದೆ ಎಂಬುದಕ್ಕೆ. ಅದನ್ನು ಚುಚ್ಚಿದ್ದಾರೆಯೇ ಎಂದು ಯಾರೂ ಕೇಳಲಿಲ್ಲ. ಚೀನಾದ ಶಾಂಘೈಯಲ್ಲಿ ಪ್ಲಗ್-ಇನ್ ಕಾರಿಗೂ ಹಸಿರು ನಂಬರ್ ಪ್ಲೇಟು ಪುಕ್ಕಟೆ ಸಿಗುತ್ತಿತ್ತು, ಪೆಟ್ರೋಲ್ ಕಾರಿನ ಪ್ಲೇಟಿಗೆ ಹರಾಜಿನಲ್ಲಿ ಲಕ್ಷಗಟ್ಟಲೆ ರೂಪಾಯಿ ಸುರಿಯಬೇಕಿತ್ತು. ಪ್ಲೇಟಿನ ಆಸೆಗೆ ಕಾರು ಕೊಂಡವರಿಗೆ ಚಾರ್ಜರಿನ ಗೊಡವೆ ಬೇಕಿರಲಿಲ್ಲ. 2023ರ ಜನವರಿಯಿಂದ ಶಾಂಘೈ ಆ ಸವಲತ್ತು ನಿಲ್ಲಿಸಿತು.

ಇಷ್ಟಾದ ಮೇಲೆ ಮೊದಲ ಆಕ್ಷೇಪ ತಾನಾಗಿ ಏಳುತ್ತದೆ. ದಿನದ ಓಡಾಟ 30 ಕಿಲೋಮೀಟರ್, ಮನೆಯಲ್ಲಿ ಪ್ಲಗ್ ಇದೆ, ಚಾರ್ಜ್ ಮಾಡುವ ಶಿಸ್ತೂ ಇದೆ ಎಂದಾದರೆ ಎಂಜಿನ್ ಯಾಕೆ ಹೊರಬೇಕು? ಪೂರ್ತಿ ವಿದ್ಯುತ್ ಕಾರನ್ನೇ ಕೊಳ್ಳಬಾರದೇಕೆ? ಈ ಆಕ್ಷೇಪಕ್ಕೆ ನಾನು ಅರ್ಧಕ್ಕಿಂತ ಹೆಚ್ಚು ತಲೆಬಾಗುತ್ತೇನೆ. ಎಂಜಿ ಕಾಮೆಟ್ ಎಂಬ ಪುಟಾಣಿ ವಿದ್ಯುತ್ ಕಾರಿನ ಬ್ಯಾಟರಿ 17.3 ಕಿಲೋವ್ಯಾಟ್ ಅವರ್. ಅಮೆರಿಕದಲ್ಲಿ ಮಾರಾಟವಾದ ಟೊಯೋಟಾ ರಾವ್4 ಪ್ರೈಮ್ ಎಂಬ ಪ್ಲಗ್-ಇನ್ ಹೈಬ್ರಿಡ್‌ನದು 18.1. ಒಂದು ಕಾರಿಗೆ ಇಷ್ಟೇ ಬ್ಯಾಟರಿ ಇಡೀ ಜೀವನ, ಇನ್ನೊಂದಕ್ಕೆ ಅದು ಎಂಜಿನ್ನಿನ ಪಕ್ಕದ ಜೊತೆಗಾರ. ಊರೊಳಗಿನ ಓಡಾಟ ಬಿಟ್ಟು ಬೇರೇನೂ ಇಲ್ಲದವರಿಗೆ, ಅಥವಾ ಮನೆಯಲ್ಲಿ ಇನ್ನೊಂದು ಕಾರು ಇದ್ದವರಿಗೆ ಪ್ಲಗ್-ಇನ್ ಹೈಬ್ರಿಡ್ ದಂಡ. ವಿಚಿತ್ರ ನೋಡಿ: ಬರೀ ಹತ್ತಿರದ ಓಡಾಟಕ್ಕೆ ಅದು ಬೇಕಾಗಿಲ್ಲ; ಹತ್ತಿರದ ಓಡಾಟದ ಜೊತೆ ತಪ್ಪಿಸಲಾಗದ ದೂರದ ಪ್ರಯಾಣವೂ ಇದ್ದು, ಇರುವುದು ಒಂದೇ ಕಾರು ಎಂದಾಗ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ. ಹುಬ್ಬಳ್ಳಿಯ ದಾರಿಯಲ್ಲಿ, ದೀಪಾವಳಿಯ ಹಿಂದಿನ ರಾತ್ರಿ, ಚಾರ್ಜರಿನ ಮುಂದೆ ನಾಲ್ಕು ಕಾರು ಸಾಲುಗಟ್ಟಿದ್ದರೆ ಎಂಬ ಆತಂಕ ಕಲ್ಪನೆಯದಲ್ಲ. ಆ ಹತ್ತು ದಿನಗಳಿಗಾಗಿ 60 ಕಿಲೋವ್ಯಾಟ್ ಅವರ್ ಬ್ಯಾಟರಿಯನ್ನು ಉಳಿದ 355 ದಿನ ಹೊತ್ತು ತಿರುಗುವುದೂ ಒಂದು ಬಗೆಯ ದುಂದೇ. ಟೊಯೋಟಾ ತನ್ನ ಡೀಲರುಗಳಿಗೆ ಹೇಳಿದ 1:6:90 ಎಂಬ ಸೂತ್ರ ಇದನ್ನೇ ಹಿಡಿದದ್ದು: ಒಂದು ದೂರವ್ಯಾಪ್ತಿಯ ವಿದ್ಯುತ್ ಕಾರಿಗೆ ಬೇಕಾಗುವ ಬ್ಯಾಟರಿ ಖನಿಜದಲ್ಲಿ ಆರು ಪ್ಲಗ್-ಇನ್ ಅಥವಾ 90 ಹೈಬ್ರಿಡ್ ಮಾಡಬಹುದು. ವಿದ್ಯುತ್ ಕಾರಿಗೆ ತಡವಾಗಿ ಇಳಿದ ಕಂಪನಿಯ ಸಮರ್ಥನೆ ಅದು ಎಂಬುದನ್ನು ಮರೆಯದಿದ್ದರೆ ಸಾಕು, ಗಣಿತದಲ್ಲಿ ಹುರುಳಿದೆ.

ಎರಡನೇ ಆಕ್ಷೇಪ ಜೇಬಿನದು, ನನಗೆ ಹೆಚ್ಚು ತೂಕದ್ದಾಗಿ ಕಾಣುವುದೂ ಇದೇ. ಮನೆಯ ವಿದ್ಯುತ್ ಯೂನಿಟ್ಟಿಗೆ 6 ರೂಪಾಯಿ ಆಸುಪಾಸು ಎಂದಿಟ್ಟುಕೊಂಡು, ಒಂದು ಯೂನಿಟ್ಟಿಗೆ 5 ಕಿಲೋಮೀಟರ್ ಎಂದರೆ ಕಿಲೋಮೀಟರಿಗೆ 1 ರೂಪಾಯಿ 20 ಪೈಸೆ. ಪೆಟ್ರೋಲ್ ಲೀಟರಿಗೆ 103 ರೂಪಾಯಿಯಂತೆ, ಊರ ಟ್ರಾಫಿಕ್ಕಿನಲ್ಲಿ 12 ಕಿಲೋಮೀಟರ್ ಕೊಡುವ ಸಾಧಾರಣ ಕಾರಿಗೆ ಎಂಟೂವರೆ ರೂಪಾಯಿ, 20 ಕೊಡುವ ಸ್ಟ್ರಾಂಗ್ ಹೈಬ್ರಿಡ್‌ಗೆ ಐದು ರೂಪಾಯಿಯ ಮೇಲೆ ಒಂದಿಷ್ಟು. ವ್ಯತ್ಯಾಸ ಕಣ್ಣು ಕುಕ್ಕುವಂತಿದೆ. ಆದರೆ ಇದನ್ನು ವರ್ಷದ 7,500 ಕಿಲೋಮೀಟರಿಗೆ ಗುಣಿಸಿದರೆ ಸ್ಟ್ರಾಂಗ್ ಹೈಬ್ರಿಡ್‌ಗೆ ಹೋಲಿಸಿದಾಗ ಉಳಿಯುವುದು 30,000 ರೂಪಾಯಿಯ ಹತ್ತಿರ. ಪ್ಲಗ್-ಇನ್ ಕಾರಿಗೆ ಮೂರು ಲಕ್ಷ ಹೆಚ್ಚು ಕೊಟ್ಟಿದ್ದರೆ ಹತ್ತು ವರ್ಷ ಬೇಕು. ದಿನಕ್ಕೆ ಹತ್ತೇ ಕಿಲೋಮೀಟರ್ ಓಡಿಸುವವರಿಗಂತೂ ಲೆಕ್ಕ ಕೂಡುವುದೇ ಇಲ್ಲ. ಓಡಾಟ ಚಿಕ್ಕದಾದಷ್ಟೂ ವಿದ್ಯುತ್ತಿನ ಪಾಲು ದೊಡ್ಡದು, ಉಳಿಯುವ ದುಡ್ಡು ಸಣ್ಣದು. ಈ ಕಾರಿನ ಸೊಗಸೂ ಸಂಕಟವೂ ಒಂದೇ ಗಂಟಿನಲ್ಲಿವೆ. ದಿನಕ್ಕೆ 40ರಿಂದ 60 ಕಿಲೋಮೀಟರ್, ಅಂದರೆ ಬ್ಯಾಟರಿಯನ್ನು ದಿನವೂ ಹೆಚ್ಚುಕಡಿಮೆ ಬರಿದು ಮಾಡುವಷ್ಟು ಓಡಿಸುವವರಿಗೆ ಅದು ಹೊಂದುತ್ತದೆ. ಊರಿನ ಒಂದು ಕಡೆ ಕೆಲಸ, ಇನ್ನೊಂದು ಕಡೆ ಮನೆ ಎಂಬಂಥವರು ಇವರು.

ಎರಡು ಯಂತ್ರ ಎಂದರೆ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ, ಭಾರವೂ ದುಬಾರಿಯೂ ಎಂಬ ದೂರೂ ಇದೆ. ಭಾರ ನಿಜ. ದುಬಾರಿ ಎಂಬುದು ಮಾತ್ರ ಪ್ರಕೃತಿ ನಿಯಮವೇನಲ್ಲ. ಬಿವೈಡಿಯ ಚಿನ್ ಪ್ಲಸ್ ಡಿಎಂ-ಐ ಎಂಬ ಪ್ಲಗ್-ಇನ್ ಸೆಡಾನ್ 2024ರ ಫೆಬ್ರುವರಿಯಲ್ಲಿ 79,800 ಯುವಾನ್‌ಗೆ, ಅಂದಿನ ನಮ್ಮ ಹತ್ತು ಲಕ್ಷ ರೂಪಾಯಿಗೂ ಕಡಿಮೆಗೆ ಚೀನಾದಲ್ಲಿ ಮಾರಾಟಕ್ಕಿತ್ತು. ಅದರ ಎಂಜಿನ್ ಹೆಚ್ಚಿನ ಹೊತ್ತು ಜನರೇಟರಿನಂತೆ ದುಡಿಯುವುದರಿಂದ ಸಾಂಪ್ರದಾಯಿಕ ಗೇರ್‌ಬಾಕ್ಸ್ ಬೇಕಿಲ್ಲ. ಒಂದು ಸೇರಿದರೆ ಇನ್ನೊಂದು ಕಳೆಯುತ್ತದೆ. ಆಯಿಲ್ ಬದಲಾವಣೆ, ಫಿಲ್ಟರ್, ಸ್ಪಾರ್ಕ್ ಪ್ಲಗ್ ಮಾತ್ರ ತಪ್ಪುವುದಿಲ್ಲ. ಎಂಜಿನ್ ಓಡಿದರೂ ಓಡದಿದ್ದರೂ ಕ್ಯಾಲೆಂಡರ್ ನಿಲ್ಲುವುದಿಲ್ಲವಲ್ಲ.

ನಮ್ಮ ದೇಶದ ಕತೆ ಇನ್ನೂ ಮೊದಲ ಪುಟದಲ್ಲಿದೆ. ವೋಲ್ವೋ ತನ್ನ ಎಕ್ಸ್‌ಸಿ90 ಪ್ಲಗ್-ಇನ್ ಕಾರನ್ನು 2019ರಲ್ಲಿ ಹೊಸಕೋಟೆಯ ಘಟಕದಲ್ಲೇ ಜೋಡಿಸಿತು. ಬೆಲೆ ಒಂದು ಕೋಟಿಯ ಹತ್ತಿರ. 2022ರ ಡಿಸೆಂಬರಿನಲ್ಲಿ ಬಂದ ಬಿಎಂಡಬ್ಲ್ಯು ಎಕ್ಸ್‌ಎಂ 2.6 ಕೋಟಿ ರೂಪಾಯಿಯದು. ಅಷ್ಟು ಕೊಟ್ಟವರು ಹಾಲು ತರಲು ಹೋದಾಗ ಪೆಟ್ರೋಲ್ ಉಳಿಯಿತೆಂದು ಸಂಭ್ರಮಿಸುತ್ತಾರೆಂದು ನನಗನ್ನಿಸುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರದಲ್ಲಿ ವಿದ್ಯುತ್ ಕಾರಿಗೆ ಶೇ 5. ದೊಡ್ಡ ಹೈಬ್ರಿಡ್‌ಗೆ ದೊಡ್ಡ ಪೆಟ್ರೋಲ್ ಕಾರಿನಂತೆಯೇ ಶೇ 40. ಪ್ಲಗ್ ಇರುವ ಹೈಬ್ರಿಡ್‌ಗೂ ಇಲ್ಲದ್ದಕ್ಕೂ ತೆರಿಗೆಯ ಕಣ್ಣಲ್ಲಿ ಭೇದವಿಲ್ಲ. ಈ ದರದಲ್ಲಿ ಮಧ್ಯಮ ವರ್ಗದ ಮನೆಗೆ ಒಪ್ಪುವ ಪ್ಲಗ್-ಇನ್ ಕಾರನ್ನು ತರುವ ಧೈರ್ಯ ಯಾವ ಕಂಪನಿಗೆ ಬಂದೀತು? ಹಾಗೆಂದು ಸುಮ್ಮನೆ ತೆರಿಗೆ ಇಳಿಸಿ ಎನ್ನಲು ನನಗೆ ಜರ್ಮನಿಯ ಉದಾಹರಣೆ ಅಡ್ಡ ಬರುತ್ತದೆ. ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ತೀರಾ ಸಾದಾ: ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ನಮ್ಮದೇ ಮೀಟರಿನಿಂದ ಎಳೆದ ಒಂದು 15 ಆಂಪ್ ಸಾಕೆಟ್. ಅಷ್ಟು ಸಿಕ್ಕರೆ 10 ಯೂನಿಟ್ಟಿನ ಬ್ಯಾಟರಿ ನಾಲ್ಕು ಗಂಟೆಯ ಆಸುಪಾಸಿನಲ್ಲಿ ತುಂಬುತ್ತದೆ. ಗೋಡೆಗೆ ದೊಡ್ಡ ಚಾರ್ಜರ್ ಪೆಟ್ಟಿಗೆ ಬೇಕಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಮಾದರಿ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು, ಪಾರ್ಕಿಂಗ್ ಜಾಗದ ಶೇ 20ರಷ್ಟಕ್ಕೆ ಚಾರ್ಜಿಂಗ್ ಅನುಕೂಲ ಇರಬೇಕೆಂದಿತು. ಅದು ಹೊಸ ಕಟ್ಟಡಗಳ ಮಾತು. ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ವೈರು ಎಳೆಯಲು ಸಂಘದ ಒಪ್ಪಿಗೆ, ಲೋಡ್ ಹೆಚ್ಚಿಸಲು ಬೆಸ್ಕಾಂ ಅರ್ಜಿ, ಬೆಂಕಿ ಹತ್ತಿಕೊಂಡರೆ ಯಾರು ಹೊಣೆ ಎಂಬ ಸಭೆ, ಆ ಸಭೆ ಮುಂದಿನ ತಿಂಗಳಿಗೆ ಮುಂದೂಡಿಕೆ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವವರಿಗೆ ಅದೂ ಇಲ್ಲ.

ತೆರಿಗೆ ರಿಯಾಯಿತಿ ಕೊಡುವುದಾದರೆ ಹೇಗೆ ಎಂಬುದಕ್ಕೆ ಯುರೋಪು ಕಲಿತ ಪಾಠವೊಂದಿದೆ. 2021ರಿಂದ ಅಲ್ಲಿ ನೋಂದಣಿಯಾಗುವ ಹೊಸ ಕಾರುಗಳೊಳಗೆ ಇಂಧನ ಬಳಕೆ ಬರೆದಿಡುವ ಏರ್ಪಾಡು ಕಡ್ಡಾಯ. ಪ್ಲಗ್-ಇನ್ ಆದರೆ ಎಂಜಿನ್ ಚಾಲೂ ಆಗದೆ ಎಷ್ಟು ದೂರ ಸಾಗಿತು, ಗೋಡೆಯಿಂದ ಎಷ್ಟು ಯೂನಿಟ್ ಕುಡಿಯಿತು ಎಂಬುದೂ ಅದರಲ್ಲಿ ದಾಖಲು. ಈ ಪುಸ್ತಕ ಬಿಚ್ಚಿ ನೋಡಿಯೇ ಯುರೋಪಿಯನ್ ಕಮಿಷನ್ 2024ರ ಮಾರ್ಚ್‌ನಲ್ಲಿ ಹೇಳಿದ್ದು: ಪೆಟ್ರೋಲ್, ಡೀಸೆಲ್ ಕಾರುಗಳು ಪರೀಕ್ಷೆಯ ಅಂಕಿಗಿಂತ ಸುಮಾರು ಶೇ 20 ಹೆಚ್ಚು ಇಂಗಾಲ ಉಗುಳಿದರೆ, ಪ್ಲಗ್-ಇನ್ ಕಾರುಗಳು ಮೂರೂವರೆ ಪಟ್ಟು. ಅಲ್ಲಿನ ಪರೀಕ್ಷಾ ಸೂತ್ರವನ್ನೂ ಬದಲಿಸಿದ್ದಾರೆ. ಐಸಿಸಿಟಿ ಲೆಕ್ಕದಂತೆ, ಕಿಲೋಮೀಟರಿಗೆ 45 ಗ್ರಾಂ ಎಂದು ಕಾಗದದಲ್ಲಿ ತೋರಿಸುತ್ತಿದ್ದ ಬಿಎಂಡಬ್ಲ್ಯು ಎಕ್ಸ್1 ಪ್ಲಗ್-ಇನ್‌ನ ಅಂಕಿ 2025ರ ಸೂತ್ರದಲ್ಲಿ 96ಕ್ಕೆ, 2027ರದರಲ್ಲಿ 122ಕ್ಕೆ ಏರುತ್ತದೆ. ಕಾರಿನ ಒಂದು ನಟ್ಟೂ ಬದಲಾಗಿಲ್ಲ. ನಮ್ಮಲ್ಲೂ ಇಂಥ ದಾಖಲೆ ಕಡ್ಡಾಯವಾಗಿ, ಶೋರೂಮಿನಲ್ಲಿ ಬಿಲ್ ಮಾಡುವಾಗ ಕೊಡುವ ರಿಯಾಯಿತಿಯ ಬದಲು ವರ್ಷದ ಕೊನೆಗೆ ಗೋಡೆಯಿಂದ ಕುಡಿದ ಯೂನಿಟ್ ನೋಡಿ ತೆರಿಗೆ ಮರಳಿಸಿದರೆ, ಕೇಬಲ್ ಡಿಕ್ಕಿಯಿಂದ ತಾನಾಗಿ ಹೊರಗೆ ಬರುತ್ತದೆ.